ಐಸ್ ತರುವವಳ ನಿಂಬೆ ಕಾಬ್ಲರ್

ಜಾರ್ಜಿಯಾದ ಸ್ವೀಟ್‌ಗಮ್ ಊರಿನಲ್ಲಿ ಹೆಂಗಸರ ಹೆಸರು ಹೇಳಿದ ಕೂಡಲೇ ಒಂದು ತಿನಿಸಿನ ಹೆಸರೂ ನಾಲಗೆಗೆ ಬರುತ್ತದೆ. ಇಮೋಜೀನ್ ಟ್ರಸೆಲ್ ಎಂದರೆ ಪೀಚ್ ಹಣ್ಣಿನ ಕಾಬ್ಲರ್, ಹಣ್ಣಿನ ಪಾಕದ ಮೇಲೆ ಹಿಟ್ಟು ಉಬ್ಬಿ ಓವನ್ನಿನಲ್ಲಿ ಬೇಯುವ ಸಿಹಿ. ನೇವಾ ಪ್ರೂಯಿಟ್ ಎಂದರೆ ಸಿಹಿ ಪಾಕದಲ್ಲಿ ಬೆಂದ ಬೀನ್ಸ್. ವರ್ಡೆಲ್ ಮೇಬ್ರಿ ಎಂದರೆ ಐಸ್.

ಐಸ್ ಎಂದರೆ ಐಸ್‌ಕ್ರೀಮ್ ಅಲ್ಲ. ಪೆಟ್ರೋಲ್ ಬಂಕಿನ ಪಕ್ಕದ ಅಂಗಡಿಯಲ್ಲಿ ಚೀಲಗಟ್ಟಲೆ ಸಿಗುವ ಬರೀ ಐಸ್. ಚರ್ಚಿನ ಊಟಕ್ಕೆ "ನೀನು ಐಸ್ ತಗೊಂಡು ಬಾ" ಎಂದು ಒಬ್ಬ ಹೆಂಗಸಿಗೆ ಹೇಳಿದರೆ, ಹೇಳಿದವಳಿಗೂ ಗೊತ್ತು, ಕೇಳಿಸಿಕೊಂಡವಳಿಗೂ ಗೊತ್ತು, ಅದರ ಅರ್ಥ ಒಂದೇ: ನಿನ್ನ ಕೈಯಡುಗೆ ತಿಂದು ಸಾಯಲು ನಮಗೆ ಮನಸ್ಸಿಲ್ಲ.

ಇದಕ್ಕೆ ಕಾರಣವಿಲ್ಲದೆ ಇಲ್ಲ. ವರ್ಡೆಲ್ ಮದುವೆಯಾಗಿ ಬಂದ ಹೊಸತರಲ್ಲಿ, ಆಗಸ್ಟಿನ ದೊಡ್ಡ ಭಾನುವಾರಕ್ಕೆ, ಎಂದರೆ ಊರು ಬಿಟ್ಟು ಹೋದವರೆಲ್ಲ ಚರ್ಚಿಗೆ ಮರಳಿ ಬಂದು ಓಕ್ ಮರಗಳ ಕೆಳಗೆ ಒಟ್ಟಿಗೆ ಉಣ್ಣುವ ದಿನಕ್ಕೆ, ಬಾಳೆಹಣ್ಣಿನ ಪುಡ್ಡಿಂಗ್ ಮಾಡಿ ತಂದಿದ್ದಳು. ಸಕ್ಕರೆಯ ಡಬ್ಬಿ ಎಂದುಕೊಂಡು ಉಪ್ಪಿನ ಡಬ್ಬಿಗೆ ಕೈ ಹಾಕಿದ್ದಳು. ಆಗಿನ ಪಾಸ್ಟರ್ ದೊಡ್ಡ ಚಮಚ ತುಂಬ ಬಾಯಿಗಿಟ್ಟುಕೊಂಡರು. ನುಂಗಲೂ ಆಗದೆ, ಹೊಸ ಸೊಸೆಯ ಎದುರು ಉಗುಳಲೂ ಆಗದೆ, ಕಣ್ತುಂಬ ನೀರು ತುಂಬಿಕೊಂಡು ಆಕಾಶ ನೋಡುತ್ತ ನಿಂತುಬಿಟ್ಟರು. ದೇವರೇ ಅವರ ಮೈಮೇಲೆ ಬಂದನೆಂದು ಇಬ್ಬರು ಮುದುಕಿಯರು ಆಮೆನ್ ಎಂದು ಕೂಗಿದರು. ಮುಂದಿನ ವರ್ಷದಿಂದ ವರ್ಡೆಲ್‌ಗೆ ಐಸ್ ಗಂಟುಬಿತ್ತು.

ಬೇರೆ ಕೆಲಸಗಳಲ್ಲಿ ಅವಳು ಎತ್ತಿದ ಕೈ. ಕೆಂಪು ಮಣ್ಣಿನ ರಸ್ತೆಗಳಲ್ಲಿ ಶಾಲೆಯ ಹಳದಿ ಬಸ್ಸು ಓಡಿಸುತ್ತಲೇ ಅವಳ ತಲೆ ನೆರೆಯಿತು. ಮಳೆಗಾಲದ ಕೆಸರಿನಲ್ಲಿ ಹೂತ ಬಸ್ಸನ್ನು ಹಲಗೆ ಕೊಟ್ಟು ಎಬ್ಬಿಸುತ್ತಿದ್ದಳು, ಟೈರು ಒಬ್ಬಳೇ ಬದಲಿಸುತ್ತಿದ್ದಳು. "ಕೂತ್ಕೊಳ್ರೋ!" ಎಂದು ಒಮ್ಮೆ ಕೂಗಿದರೆ ಹಿಂದಿನ ಸೀಟಿನ ಪುಂಡರಷ್ಟೇ ಅಲ್ಲ, ರಸ್ತೆ ಬದಿಯ ಹಸುಗಳೂ ಕೂರುತ್ತಿದ್ದವು ಎಂದು ಊರಿನ ಮಾತು. ಈಗಿನ ಪಾಸ್ಟರ್ ಕೂಡ ಆ ಬಸ್ಸಿನಲ್ಲಿ ಮೂಗು ಸುರಿಸಿಕೊಂಡು ಕೂತಿದ್ದ ಹುಡುಗನೇ. ಆದರೆ ಅಡುಗೆಮನೆಯಲ್ಲಿ ಆ ಕೈಗಳಿಗೆ ಒಂದು ರೋಗ. ಯಾವುದನ್ನೂ ಅದರ ಪಾಡಿಗೆ ಬಿಡುವುದಿಲ್ಲ. ಬೇಯುತ್ತಿರುವುದನ್ನು ಕಲಕಬೇಕು, ಮುಚ್ಚಿದ್ದನ್ನು ತೆಗೆದು ನೋಡಬೇಕು, ಉರಿ ಏರಿಸಬೇಕು, ಇಳಿಸಬೇಕು, ಸುಮ್ಮನೆ ಇರಲಾರದೆ ಇನ್ನೇನಾದರೂ ಸೇರಿಸಬೇಕು. ಮನೆಯಲ್ಲಿ ಸೌಟು ಹಿಡಿಯುತ್ತಿದ್ದವನು ಗಂಡ ಹಾಯ್ಟ್. ಮರದ ಕಾರ್ಖಾನೆಯಿಂದ ಬಂದು, ಕೈತೊಳೆದು, ಒಲೆಯ ಮುಂದೆ ನಿಂತು, "ನನ್ನ ಹೆಂಡ್ತಿ ಐಸೂ ಸೀದು ಹೋಗೋ ಹಾಗೆ ಮಾಡ್ತಾಳೆ" ಎಂದು ನಗುತ್ತಿದ್ದ. ಅವಳೂ ನಗುತ್ತಿದ್ದಳು, ಊಟ ಬರುತ್ತಿತ್ತಲ್ಲ.

ಹಾಯ್ಟ್ ಒಂಬತ್ತು ವರ್ಷದ ಹಿಂದೆ ತೀರಿಕೊಂಡ. ಸಾವಿನ ಮನೆಯಲ್ಲಿ ಒಲೆ ಹಚ್ಚಬಾರದೆಂದು ಇಡೀ ಚರ್ಚು ಅಡುಗೆ ಹೊತ್ತುಕೊಂಡು ಬಂತು. ನೇವಾ, ಎಂದರೆ ಊರಿನ ಬ್ಯೂಟಿ ಪಾರ್ಲರಿನವಳು, ವರ್ಡೆಲ್‌ಳ ಜೀವದ ಗೆಳತಿ, ಸೊಂಟಕ್ಕೆ ಬಟ್ಟೆ ಸುತ್ತಿಕೊಂಡು ಅಡುಗೆಮನೆಯಲ್ಲಿ ನಿಂತು, ಬಂದ ಪಾತ್ರೆ ತೊಳೆದು ಹಿಂದಕ್ಕೆ ಕಳಿಸಿದಳು. ಬರಿದಾಗಿ ಅಲ್ಲ. ಬೇರೆಯವರ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸುವವಳು ಸ್ವೀಟ್‌ಗಮ್‌ನಲ್ಲಿ ಹುಟ್ಟಿಲ್ಲ. ಒಂದೊಂದರಲ್ಲೂ ಅಂಗಡಿಯ ಬಿಸ್ಕತ್ತು ಒಂದಿಷ್ಟು ಹಾಕಿ ಕೊಟ್ಟಳು. ಆದರೆ ಒಂದು ಪಾತ್ರೆಯನ್ನು ವರ್ಡೆಲ್ ಅವಳ ಕಣ್ಣಿಗೆ ಬೀಳಿಸಲಿಲ್ಲ. ಬಿಳಿ ಗಾಜಿನದು, ಬದಿಯಲ್ಲಿ ನೀಲಿ ಹೂವಿನದು, ತಳದಲ್ಲಿ ಕೆಂಪು ಉಗುರುಬಣ್ಣದಲ್ಲಿ ಇಮೋಜೀನ್ ಟ್ರಸೆಲ್ ಎಂದು ಬರೆದದ್ದು. ಅದರಲ್ಲಿ ಪೀಚ್ ಕಾಬ್ಲರ್ ಬಂದಿತ್ತು. ನೆಂಟರೆಲ್ಲ ಹೊರಟುಹೋದ ಮೇಲೆ ಮೇಜಿನ ಮುಂದೆ ಒಬ್ಬಳೇ ಕೂತು, ಅಳುತ್ತಲೇ, ಅದನ್ನಷ್ಟೂ ತಿಂದಿದ್ದಳು. ಆ ವಾರವಿಡೀ ಅವಳ ಗಂಟಲಲ್ಲಿ ಇಳಿದ ಊಟ ಅದೊಂದೇ. ಅಂಥ ಪಾತ್ರೆಗೆ ಅಂಗಡಿಯ ಬಿಸ್ಕತ್ತು ಹಾಕಿ ಕೊಡುವುದೇ? ತಾನೇ ಏನಾದರೂ ಮಾಡಿ ತುಂಬಿಸಿ ಕೊಡೋಣ, ಸ್ವಲ್ಪ ಕಲಿಯೋಣ ಎಂದುಕೊಂಡಳು. ಇವತ್ತು ನಾಳೆ ಎನ್ನುತ್ತ ಪಾತ್ರೆ ಹಾಯ್ಟ್‌ನ ಮೀನಿನ ಗಾಳಗಳ ಪೆಟ್ಟಿಗೆಯ ಹಿಂದೆ ಸೇರಿತು, ಅಲ್ಲೇ ಉಳಿಯಿತು.

ಇತ್ತ ಇಮೋಜೀನ್ ಪಾತ್ರೆಗಾಗಿ ಊರೆಲ್ಲ ಜಾಲಾಡಿದಳು. ಚರ್ಚಿನ ಊಟದ ಯಜಮಾನಿಕೆ ಅವಳದು, ಯಾರು ಏನು ತರಬೇಕೆಂದು ಫೋನಿನಲ್ಲಿ ಅಪ್ಪಣೆ ಕೊಡಿಸುವವಳು ಅವಳು. ಅಂಥವಳ ಪಾತ್ರೆಯೇ ಕಾಣೆಯಾಗುವುದೆಂದರೇನು? ತೊಳೆದವಳು ನೇವಾ, ಆದ್ದರಿಂದ ಕದ್ದವಳೂ ನೇವಾ ಎಂದು ತೀರ್ಮಾನಿಸಿ, ಅವಳ ಪಾರ್ಲರಿಗೆ ಕಾಲಿಡುವುದನ್ನೇ ಬಿಟ್ಟಳು. ಪಕ್ಕದ ಊರಿಗೆ ಹೋಗಿ ತಲೆ ಮಾಡಿಸಿಕೊಂಡು, ಸುಟ್ಟ ಪೊರಕೆಯ ಹಾಗೆ ಮರಳಿ ಬರುತ್ತಿದ್ದಳು. ನೇವಾ ಅದನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ವರ್ಡೆಲ್ ಕೂಡ ನಗುವುದು, ನಗು ಮುಗಿದ ಮೇಲೆ ಗೆಳತಿಯ ಮುಖ ನೋಡಲಾರದೆ ಕಿಟಕಿ ನೋಡುವುದು. ಹೇಳಬೇಕೆಂದು ಬಾಯಿ ತೆರೆದದ್ದುಂಟು. ತೆರೆದ ಬಾಯಿಗೆ ಬಿಸ್ಕತ್ತು ತುರುಕಿಕೊಂಡು ಮುಚ್ಚಿದ್ದೂ ಉಂಟು.

ಹೀಗಿರಲಾಗಿ ಈ ವರ್ಷದ ಆಗಸ್ಟ್ ಬಂತು, ಇಮೋಜೀನಳ ಫೋನೂ ಬಂತು.

"ವರ್ಡೆಲ್, ದೊಡ್ಡ ಭಾನುವಾರ ಬಂತು. ನಿಂದು ಎಂದಿನ ಹಾಗೆ..."

"ಐಸ್," ಎಂದಳು ವರ್ಡೆಲ್.

"ಜಾಣೆ. ಹೋದ ಸಲ ಸ್ವಲ್ಪ ಕರಗಿತ್ತು, ಈ ಸಲ ಬೇಗ ಬಾ."

ಫೋನಿಟ್ಟ ವರ್ಡೆಲ್‌ಗೆ ಮೈಯೆಲ್ಲ ಉರಿಯಿತು. ಐಸ್ ತಂದು ತಂದು ಮುದುಕಿಯಾದೆ, ಅದೂ ಕರಗಿತ್ತಂತೆ! ಅವರಿವರ ಮನೆಯಲ್ಲಿ ಸಾವಾದರೆ ಎಲ್ಲರೂ ಬಿಸಿ ಪಾತ್ರೆ ಹೊತ್ತುಕೊಂಡು ಹೋಗುತ್ತಾರೆ, ಇವಳು ಐಸ್ ಚೀಲ ಹೊತ್ತುಕೊಂಡು ಹೋಗುತ್ತಾಳೆ. ಅಳುತ್ತ ಕೂತವರ ಕೈಗೆ ಐಸ್ ಕೊಟ್ಟು ಏನೆಂದು ಸಮಾಧಾನ ಹೇಳುವುದು? ತನ್ನ ಕಷ್ಟಕ್ಕೆ ಊರೆಲ್ಲ ಉಣ್ಣಿಸಿತು, ತನ್ನ ಕೈಯಿಂದ ಒಬ್ಬರ ಹೊಟ್ಟೆಗೂ ಒಂದು ತುತ್ತು ಹೋಗಲಿಲ್ಲ. ಒಂದೇ ಒಂದು ಸಲ, ಸಾಯುವ ಮೊದಲು ಒಂದು ಸಲ, ತಾನು ಮಾಡಿದ ಪಾತ್ರೆ ಆ ಮೇಜಿನ ಮೇಲೆ ಬರಿದಾಗುವುದನ್ನು ನೋಡಬೇಕು ಅನ್ನಿಸಿತು. ಆ ಮೇಜಿಗೆ ಅದಕ್ಕಿಂತ ದೊಡ್ಡ ಸರ್ಟಿಫಿಕೇಟ್ ಇಲ್ಲ. ತುಂಬಿದ ಪಾತ್ರೆಯನ್ನು ಹೊತ್ತುಕೊಂಡು ಮನೆಗೆ ಮರಳುವವಳ ಮುಖವನ್ನು ಯಾರೂ ನೋಡುವುದಿಲ್ಲ, ಪಾಪ ಎಂದು ಬೇಕೆಂದೇ ಬೇರೆ ಕಡೆ ತಿರುಗುತ್ತಾರೆ.

ಕೇಳುವ ದೇವರಿಗೆ ಕಿವಿ ಚುರುಕು. ಮಧ್ಯಾಹ್ನ ಫ್ಯಾನು ಬಿಚ್ಚಿಕೊಂಡು ರಿಪೇರಿಗೆ ಕೂತಿದ್ದಾಗ ರೇಡಿಯೋದಲ್ಲಿ ಅಡುಗೆ ಹೇಳುವ ಹೆಂಗಸು ನಿಂಬೆ ಕಾಬ್ಲರ್ ಶುರುಮಾಡಿದಳು. "ಪಾತ್ರೆಗೆ ಬೆಣ್ಣೆ ಹಾಕಿ ಓವನ್ನಲ್ಲಿ ಕರಗಿಸ್ಕೊಳ್ಳಿ. ಅದರ ಮೇಲೆ ಹಿಟ್ಟು, ಸಕ್ಕರೆ, ಹಾಲು ಕಲಸಿ ಹುಯ್ಯಿರಿ. ಅದರ ಮೇಲೆ ನಿಂಬೆ ಪಾಕ. ಆಮೇಲೆ ಏನೂ ಮಾಡ್ಬೇಡಿ. ಕಲಕ್ಬೇಡಿ, ಮುಟ್ಬೇಡಿ, ಬಾಗಿಲು ತೆಗೀಬೇಡಿ. ಕೆಳಗಿನ ಹಿಟ್ಟು ತಾನೇ ಮೇಲೆ ಬರುತ್ತೆ, ಮೇಲಿನ ಪಾಕ ತಾನೇ ಕೆಳಗೆ ಇಳಿಯುತ್ತೆ. ಏನೂ ಮಾಡದೇ ಇರೋದೇ ಇದರ ಕೆಲಸ. ಎಂಥೋರಿಗೂ ಬರುತ್ತೆ."

"ಎಂಥೋರಿಗೂ?" ಎಂದು ವರ್ಡೆಲ್ ರೇಡಿಯೋವನ್ನೇ ಕೇಳಿದಳು. ಸ್ಕ್ರೂಡ್ರೈವರ್ ಕೆಳಗಿಟ್ಟಳು.

ಏನೂ ಮಾಡದೇ ಇರುವುದು ಸುಲಭವೆಂದು ರೇಡಿಯೋದವಳು ಎಂದುಕೊಂಡಿದ್ದಳು, ಅವಳಿಗೆ ವರ್ಡೆಲ್ ಗೊತ್ತಿರಲಿಲ್ಲ. ಮೊದಲನೆಯದನ್ನು ಹಾಯ್ಟ್‌ನ ಕಬ್ಬಿಣದ ಬಾಣಲೆಯಲ್ಲಿಟ್ಟಳು. ಹಿಟ್ಟು ಉಕ್ಕಿ ಓವನ್ನಿನ ತಳಕ್ಕೆ ಹರಿದು, ಮನೆಯೆಲ್ಲ ಹೊಗೆ ತುಂಬಿ, ಪಕ್ಕದ ಮನೆಯ ನಾಯಿ ಊಳಿಟ್ಟಿತು. ಎರಡನೆಯದನ್ನು ಅಗಲದ ತಗಡಿನ ತಟ್ಟೆಯಲ್ಲಿಟ್ಟಳು. ತಳ ಸೀದು, ಮೇಲೆ ಗಂಜಿಯಾಯಿತು, ಅದಕ್ಕೆ ಅರ್ಧ ಕಾರಣ ತಗಡು, ಇನ್ನರ್ಧ ಕಾರಣ ಅವಳು ನಡುವೆ ಬಾಗಿಲು ತೆರೆದು ಎರಡು ಸುತ್ತು ಕಲಕಿದ್ದು. ಆಳವೂ ಅಗಲವೂ ಹದವಾದ ಪಾತ್ರೆ ಆ ಮನೆಯಲ್ಲಿ ಇದ್ದದ್ದು ಒಂದೇ. ಅದು ಮೀನಿನ ಗಾಳಗಳ ಹಿಂದೆ ಕೂತು ಅವಳನ್ನೇ ಕಾಯುತ್ತಿತ್ತು.

ದೊಡ್ಡ ಭಾನುವಾರದ ಬೆಳಿಗ್ಗೆ ವರ್ಡೆಲ್ ಆ ಪಾತ್ರೆಯನ್ನು ಹೊರತೆಗೆದು, ತಿಕ್ಕಿ ತಿಕ್ಕಿ ತೊಳೆದು, "ಇದೊಂದು ಸಲ ಮಾತ್ರ, ತಾಯಿ" ಎಂದು ಕೈಮುಗಿದಳು. ಮುಗಿದದ್ದು ದೇವರಿಗೋ ಇಮೋಜೀನಳಿಗೋ ಅವಳಿಗೇ ಗೊತ್ತಿಲ್ಲ. ಬೆಣ್ಣೆ ಹಾಕಿ ಓವನ್ನಿಗಿಟ್ಟಳು. ನಿಂಬೆಹಣ್ಣಿನ ಸಿಪ್ಪೆ ತುರಿಯಲು ಕೂತವಳು ಆತುರಕ್ಕೆ ಹಣ್ಣಿನ ಜೊತೆ ತನ್ನ ಬೆರಳ ಗೆಣ್ಣುಗಳನ್ನೂ ತುರಿದುಕೊಂಡು, ಅದರ ಮೇಲೆ ನಿಂಬೆರಸ ಹಿಂಡಿಕೊಂಡು, ಬಸ್ಸಿನ ಹುಡುಗರಿಗೂ ಕಲಿಸದ ಮಾತುಗಳನ್ನು ಆಡಿದಳು. ರಸಕ್ಕೆ ಸಕ್ಕರೆ, ನೀರು, ಒಂದಿಷ್ಟು ಕಾರ್ನ್‌ಫ್ಲೋರ್ ಹಾಕಿ ಕುದಿಸಿ, ಪಾಕ ಹೊಳೆಯುವ ಹೊತ್ತಿಗೆ ಇಳಿಸಿದಳು. ಬಿಸಿ ಬೆಣ್ಣೆಯ ಮೇಲೆ ಹಿಟ್ಟು ಹೊಯ್ದಳು, ಹಿಟ್ಟಿನ ಮೇಲೆ ಪಾಕ ಹೊಯ್ದಳು. ಬಿಳಿ, ಹಳದಿ ಒಂದಕ್ಕೊಂದು ಸೇರದೆ ಅಡ್ಡಾದಿಡ್ಡಿ ನಿಂತವು. ಚಮಚ ತಾನಾಗಿಯೇ ಕೈಗೆ ಬಂತು.

"ಇಡು ಕೆಳಗೆ!" ಎಂದು ಬಸ್ಸಿನ ದನಿಯಲ್ಲಿ ತನಗೆ ತಾನೇ ಗದರಿಕೊಂಡಳು. ಪಾತ್ರೆ ಒಳಗಿಟ್ಟು ಬಾಗಿಲು ಮುಚ್ಚಿ, ಅದರ ಎದುರಿಗೆ ಕುರ್ಚಿ ಎಳೆದುಕೊಂಡು, ಎರಡು ಅಂಗೈಗಳನ್ನೂ ತನ್ನ ಪೃಷ್ಠದ ಕೆಳಗೆ ಇಟ್ಟುಕೊಂಡು, ಕೈಗಳ ಮೇಲೆಯೇ ಕೂತಳು. ತಾಳಿದವನು ಬಾಳಿಯಾನು ಎನ್ನುತ್ತಾರಲ್ಲ, ತಾಳುವವರ ಕೈ ಎಷ್ಟು ಜೋಮು ಹಿಡಿಯುತ್ತದೆಂದು ಯಾರೂ ಹೇಳುವುದಿಲ್ಲ. ಗಾಜಿನ ಬಾಗಿಲಿನಾಚೆ ಏನೋ ನಡೆಯುತ್ತಿತ್ತು. ಅಂಚಿನಿಂದ ಹಿಟ್ಟು ಮೆಲ್ಲನೆ ಏಳತೊಡಗಿತು, ಹಳದಿ ಪಾಕ ಬದಿಗೆ ಸರಿದು ಗುಳುಗುಳು ಎನ್ನುತ್ತ ಮುಳುಗಿತು, ಬಂಗಾರದ ಬಣ್ಣದ ಹೊದಿಕೆ ಉಬ್ಬಿ ನಿಂತಿತು. ಯಾರೂ ಮುಟ್ಟಲಿಲ್ಲ, ಯಾರೂ ಹೇಳಲಿಲ್ಲ, ತಾನಾಗಿಯೇ ಎದ್ದು ಬಂತು! ವರ್ಡೆಲ್ ಕುರ್ಚಿಯಿಂದ ಎದ್ದು ಅಡುಗೆಮನೆಯಲ್ಲಿ ಒಂದು ಸುತ್ತು ಕುಣಿದಳು. ಎರಡನೆಯ ಸುತ್ತಿಗೆ ಮೊಣಕಾಲು ಬೇಡ ಎಂದಿತು. ಒಂದು ಮೂಲೆಯಿಂದ ಚಮಚದಲ್ಲಿ ತೆಗೆದು ಬಾಯಿಗಿಟ್ಟಳು, ನಾಲಗೆ ಸುಟ್ಟಿತು, ಹುಳಿಗೆ ಕಣ್ಣು ಮುಚ್ಚಿತು, ಸಿಹಿಗೆ ಕಣ್ಣು ತೆರೆಯಿತು. "ಹಾಯ್ಟ್, ನೀನಿರ್ಬೇಕಿತ್ತು ಕಣೋ," ಎಂದಳು. ನಗು ಅಳು ಎರಡೂ ಒಟ್ಟಿಗೇ ಬಂದು, ನಗುವೇ ಗೆದ್ದಿತು.

ಉಳಿದದ್ದು ಕಳ್ಳತನ ಮುಚ್ಚುವ ಕೆಲಸ. ನೀಲಿ ಹೂವು ಇಮೋಜೀನಳ ಕಣ್ಣಿಗೆ ಬಿದ್ದರೆ ಕಥೆ ಮುಗಿಯಿತು. ಒಂದು ದಪ್ಪ ಟವೆಲನ್ನು ಪಾತ್ರೆಯ ಸುತ್ತ ಬಿಗಿದು, ಪಿನ್ನು ಚುಚ್ಚಿ, ಪಾತ್ರೆಗೆ ಲಂಗ ಉಡಿಸಿದಳು. ಲೆಕ್ಕಾಚಾರ ಸರಳವಾಗಿತ್ತು. ಯಾರದೆಂದು ಹೇಳದೆ ಮೇಜಿನ ಮೇಲಿಡುವುದು. ಯಾರೂ ತಿನ್ನದಿದ್ದರೆ ಅನಾಥ ಪಾತ್ರೆ, ತನಗೇನೂ ಗೊತ್ತಿಲ್ಲ. ಬರಿದಾದರೆ ತಕ್ಷಣ ಎತ್ತಿ ಕಾರಿನಲ್ಲಿ ಬಚ್ಚಿಟ್ಟು, ಬಂದು, "ಅದು ನಾನು ಮಾಡಿದ್ದು" ಎಂದು ಎಲ್ಲರೆದುರು ಹೇಳುವುದು. ಪಾತ್ರೆಯ ಪಕ್ಕದಿಂದ ಮಾತ್ರ ಕದಲಬಾರದು.

ದಾರಿಯಲ್ಲಿ ಐಸ್‌ಗೆ ಕ್ಲೀಟಸ್‌ನ ಅಂಗಡಿಯ ಮುಂದೆ ನಿಲ್ಲಿಸಿದಳು. ವರ್ಡೆಲ್‌ಳ ಕಾರು ಕಂಡರೆ ಮುದುಕ ಕ್ಲೀಟಸ್ ಏನು ಬೇಕೆಂದು ಕೇಳುವುದಿಲ್ಲ, ನೇರ ಐಸ್ ಪೆಟ್ಟಿಗೆಯ ಬಾಗಿಲಿಗೆ ಹೋಗುತ್ತಾನೆ. ಚೀಲಗಳನ್ನು ಡಿಕ್ಕಿಗೆ ಎತ್ತಿಟ್ಟು, ಮೂಗೆತ್ತಿ, "ಏನೋ ಘಮ್ ಅಂತಿದೆಯಲ್ಲ ಮಿಸ್ ವರ್ಡೆಲ್?" ಎಂದ. ಆ ಊರಲ್ಲಿ ಮದುವೆಯಾದ ಹಿರಿಯರಿಗೂ ಗೌರವಕ್ಕೆ ಮಿಸ್ ಎನ್ನುವುದೇ ರೂಢಿ.

"ಸೆಂಟು," ಎಂದು ಕಾರು ಓಡಿಸಿದಳು.

ಚರ್ಚಿನ ಅಂಗಳದಲ್ಲಿ, ಯಾರ ಕಣ್ಣಿಗೂ ಬೀಳದ ಹಾಗೆ, ಅವಳ ಪಾತ್ರೆ ಮೇಜಿನ ತುದಿಯಲ್ಲಿ, ಬೀನ್ಸಿಗೂ ಸೌತೆಕಾಯಿಗೂ ನಡುವೆ ಕೂತಿತು. ವರ್ಡೆಲ್ ಒಳಗೆ ಹೋಗಿ ಪ್ರಾರ್ಥನೆಗೆ ಹಾಡುವವರ ಸಾಲಿನಲ್ಲಿ ನಿಂತಳು. ಕಿಟಕಿಯಿಂದ ಮೇಜು ಕಾಣುತ್ತಿದ್ದರಿಂದ ಕಣ್ಣು ಅಲ್ಲೇ ಇತ್ತು, ಎಲ್ಲರೂ ಹಾಡು ನಿಲ್ಲಿಸಿದ ಮೇಲೂ ಒಂದು ಸಾಲು ಒಬ್ಬಳೇ ಹಾಡಿದಳು. ಎರಡನೆಯ ಬೆಂಚಿನಲ್ಲಿ ಕೂತ ಇಮೋಜೀನ್ ತಿರುಗಿ ನೋಡಿದ್ದೇ ತಡ, ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಹಾಗೆ ವರ್ಡೆಲ್ ತನ್ನ ಟೋಪಿ ಸರಿಪಡಿಸಿಕೊಂಡಳು.

ಪ್ರಾರ್ಥನೆ ಮುಗಿದು ಜನ ಅಂಗಳಕ್ಕೆ ನುಗ್ಗಿದರು. ವರ್ಡೆಲ್ ಮೇಜಿನ ತುದಿಗೆ ಓಡಲು ಹೆಜ್ಜೆ ಕಿತ್ತಳು.

"ವರ್ಡೆಲ್! ಐಸ್!" ಎಂದು ಒಂದು ಕಡೆಯಿಂದ.

"ಮಿಸ್ ವರ್ಡೆಲ್, ಟೀ ಬಿಸಿಯಾಗಿದೆ, ಐಸ್!" ಎಂದು ಇನ್ನೊಂದು ಕಡೆಯಿಂದ.

ಆಗಸ್ಟಿನ ಬಿಸಿಲಿಗೆ ಮರದ ಎಲೆಯೂ ಬೆವರುತ್ತಿತ್ತು. ಟೀಯನ್ನು ಐಸ್ ಹಾಕಿಯೇ ಕುಡಿಯುವ ಊರು ಅದು, ಲೋಟ ಹಿಡಿದವರ ಸಾಲು ಐಸ್ ತೊಟ್ಟಿಯ ಮುಂದೆ ಬೆಳೆಯಿತು. ವರ್ಡೆಲ್ ಐಸ್ ಮೊಗೆಯುವುದು, ಎಡಕ್ಕೆ ಬಾಗಿ ಮೇಜು ನೋಡುವುದು, ಮತ್ತೆ ಮೊಗೆಯುವುದು. ಒಂದು ಸಲ ಐಸ್ ಲೋಟಕ್ಕೆ ಬೀಳದೆ ಚರ್ಚಿನ ಹಿರಿಯ ಡೀಕನ್ನರ ಬೂಟಿನೊಳಗೆ ಬಿತ್ತು.

ಮೇಜಿನ ತುದಿಯಲ್ಲಿ ಪಾಸ್ಟರ್ ನಿಂತಿದ್ದರು. ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ವರ್ಡೆಲ್‌ಗೆ ಆ ಹಳೆಯ ಪುಡ್ಡಿಂಗಿನ ದಿನ ನೆನಪಾಯಿತು. ಆದರೆ ಈ ಪಾಸ್ಟರ್ ಕಣ್ಣು ತೆರೆದು ಎರಡನೆಯ ಸಲ ಬಡಿಸಿಕೊಂಡರು. ಮೂರನೆಯ ಸಲ ತಟ್ಟೆ ಮರೆಸಿಕೊಂಡು ಬಡಿಸಿಕೊಂಡರು. "ಇದು ಯಾರ ಕೈದು?" ಎಂದರು. ಜನ ಗುಂಪುಗೂಡಿದರು. ಚಮಚಗಳು ಒಂದಕ್ಕೊಂದು ತಾಗಿದವು. ಅಟ್ಲಾಂಟಾದಿಂದ ಬಂದ ಯಾರೋ ಅತ್ತಿಗೆ ನಾದಿನಿಯರು ಒಂದೇ ಮೂಲೆಗಾಗಿ ಕಿತ್ತಾಡಿದರು. ಕೊನೆಗೆ ಇಮೋಜೀನಳೇ ಬಂದು ಒಂದು ಚಮಚ ತೆಗೆದುಕೊಂಡು ಬಾಯಿ ಚಪ್ಪರಿಸಿದಳು, ಇನ್ನೊಂದು ತೆಗೆದುಕೊಂಡಳು.

"ಇದನ್ನ ಮಾಡಿದವಳ ಕೈಗೆ ಬಂಗಾರದ ಬಳೆ ತೊಡಿಸ್ಬೇಕು," ಎಂದಳು. "ಯಾರದ್ದು ಹೇಳ್ರೇ!"

ಐಸ್ ತೊಟ್ಟಿಯ ಹತ್ತಿರ ವರ್ಡೆಲ್‌ಗೆ ನಿಂತ ನೆಲ ಕಾಲಿಗೆ ತಾಗಲಿಲ್ಲ. ಐಸ್ ಮೊಗೆಯುವ ಸೌಟನ್ನು ಎದೆಗವಚಿಕೊಂಡು, ಮದುವಣಗಿತ್ತಿಯ ಹಾಗೆ ಕೆಂಪಾಗಿ, "ಪಾತ್ರೆ ಎತ್ಬೇಕು, ಈಗಲೇ ಎತ್ಬೇಕು" ಎಂದುಕೊಂಡು ಹೊರಟಳು. ಅಷ್ಟರಲ್ಲಿ ಯಾರದೋ ಟೀ ಲೋಟ ಮಗುಚಿಬಿತ್ತು. ಪಾಸ್ಟರ್ ಒಳ್ಳೆಯ ಮನುಷ್ಯ, ಪರರಿಗೆ ಸಹಾಯ ಮಾಡಲು ಸದಾ ಸಿದ್ಧ. ಒರೆಸಲು ಬಟ್ಟೆಗಾಗಿ ಸುತ್ತ ನೋಡಿ, ಪಾತ್ರೆಯ ಲಂಗವನ್ನೇ ಸರ್ರನೆ ಎಳೆದರು. ಪಿನ್ನು ಹಾರಿತು. ನೀಲಿ ಹೂವುಗಳು ಬಿಸಿಲಿಗೆ ಫಳಫಳ ಹೊಳೆದವು.

ಇಮೋಜೀನಳ ಚಮಚ ಬಾಯಿಯ ಹತ್ತಿರವೇ ನಿಂತಿತು. ಅವಳು ಬಹುತೇಕ ಬರಿದಾಗಿದ್ದ ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ, ತಲೆಯ ಮೇಲೆ ಹಿಡಿದು, ತಳ ಓದಿದಳು. ಓದಬೇಕಾಗಿಯೇ ಇರಲಿಲ್ಲ.

"ನನ್ನ ಪಾತ್ರೆ!" ಎಂದಳು. ಅವಳು ನಿಧಾನವಾಗಿ ತಿರುಗಿ ನೇವಾಳನ್ನು ನೋಡಿದಳು.

"ನನ್ನನ್ನೇನು ನೋಡ್ತೀರಿ ಮಿಸ್ ಇಮೋಜೀನ್?" ಎಂದಳು ನೇವಾ, ಬೀನ್ಸಿನ ಸೌಟು ಹಿಡಿದುಕೊಂಡೇ. "ನಾನು ಬೀನ್ಸ್ ತಂದಿದ್ದು!"

"ಒಂಬತ್ತು ವರ್ಷ ಮನೇಲಿ ಮುಚ್ಚಿಟ್ಕೊಂಡು, ಈಗ ಟವೆಲ್ ಸುತ್ಕೊಂಡು ತರ್ತೀಯಲ್ಲ, ನಾಚಿಕೆ ಆಗಲ್ವಾ? ಅಡುಗೆ ಚೆನ್ನಾಗಿದೆ, ಅದು ಬೇರೆ ಮಾತು."

ವರ್ಡೆಲ್ ನಿಂತಲ್ಲೇ ನಿಂತಳು. ಬಾಯಿ ಮುಚ್ಚಿಕೊಂಡಿದ್ದರೆ ಕಳ್ಳತನ ನೇವಾಳ ತಲೆಗೆ, ಕಾಬ್ಲರಿನ ಹೆಸರೂ ನೇವಾಳಿಗೆ, ತನಗೆ ಮತ್ತೆ ಐಸ್. ಬಾಯಿ ಬಿಟ್ಟರೆ ತಾನು ಚರ್ಚಿನ ಅಂಗಳದಲ್ಲಿ, ದೊಡ್ಡ ಭಾನುವಾರ, ಇಡೀ ಊರಿನೆದುರು ಪಾತ್ರೆ ಕದ್ದವಳು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಬಿಡಲಿಲ್ಲ. ಹಾಗಾಗಿ ಅವಳೇ ಬಿಟ್ಟಳು, ಬಸ್ಸಿನ ದನಿಯಲ್ಲಿ.

"ಅವಳಲ್ಲ! ನಾನು!"

ಎಲ್ಲರೂ ತಿರುಗಿದರು.

"ಪಾತ್ರೆ ನನ್ನ ಹತ್ರಾನೇ ಇತ್ತು. ಕಾಬ್ಲರೂ ನಾನೇ ಮಾಡಿದ್ದು."

ಇಮೋಜೀನ್ ತಲೆಯಾಡಿಸಿದಳು. "ಪಾತ್ರೆ ನಿನ್ನ ಹತ್ರ ಇತ್ತು ಅನ್ನೋದು ನಂಬ್ತೀನಿ. ಕಾಬ್ಲರ್ ಯಾರು ಮಾಡಿದ್ದು?"

"ನಾನೇ!"

ಒಬ್ಬರು ಕಿಸಕ್ಕೆಂದರು, ಇನ್ನೊಬ್ಬರು ಕೆಮ್ಮಿದರು, ಆಮೇಲೆ ಅಂಗಳವಿಡೀ ನಗೆಯಲ್ಲಿ ಅಲ್ಲಾಡಿತು. ಪಾಸ್ಟರ್ ಮೆಲ್ಲನೆ ಹತ್ತಿರ ಬಂದು, "ಮಿಸ್ ವರ್ಡೆಲ್, ಚರ್ಚಿನ ಅಂಗಳದಲ್ಲಿ ನಿಂತಿದ್ದೀರಿ, ನೆನಪಿರ್ಲಿ" ಎಂದರು.

"ನೀನು ಸುಮ್ನೆ ಕೂತ್ಕೋ!" ಎಂದಳು ವರ್ಡೆಲ್. ಪಾಸ್ಟರ್ ಕೂತರು, ಹಳೆಯ ಅಭ್ಯಾಸ. "ಕದ್ದೆ ಅಂದ್ರೆ ಎಲ್ಲರೂ ಕಣ್ಮುಚ್ಕೊಂಡು ನಂಬ್ತೀರಿ, ಅಡುಗೆ ಮಾಡ್ದೆ ಅಂದ್ರೆ ಒಬ್ಬರೂ ನಂಬಲ್ವಾ? ಇದ್ಯಾವ ನ್ಯಾಯ?"

ಇಮೋಜೀನ್ ನಗಲಿಲ್ಲ. ಪಾತ್ರೆಯನ್ನು ಕಂಕುಳಲ್ಲಿಟ್ಟುಕೊಂಡು ಐಸ್ ತೊಟ್ಟಿಯವರೆಗೂ ನಡೆದುಬಂದಳು.

"ಕಲಕಿದ್ಯಾ?" ಎಂದಳು.

"ಇಲ್ಲ."

"ನೀನು? ಕಲಕ್ಲಿಲ್ಲ?"

"ಕೈ ಮೇಲೆ ಕೂತಿದ್ದೆ, ಮಿಸ್ ಇಮೋಜೀನ್."

ಇಮೋಜೀನ್ ಅವಳ ಕೈ ಹಿಡಿದು ಎತ್ತಿದಳು. ಐಸ್ ಮೊಗೆದು ಮೊಗೆದು ಕೆಂಪಾದ ಕೈ. ಗೆಣ್ಣುಗಳ ಮೇಲೆ ಸಾಲಾಗಿ ಕೆತ್ತಿಕೊಂಡ ಗಾಯ. ಮೂಗಿನ ಹತ್ತಿರ ತಂದು ಮೂಸಿದಳು. ಆಮೇಲೆ ಆ ಕೈಯನ್ನು ಗೆದ್ದ ಪೈಲ್ವಾನನ ಕೈಯ ಹಾಗೆ ಮೇಲೆತ್ತಿ ಜನಕ್ಕೆ ತೋರಿಸಿದಳು.

"ನೋಡ್ರಿ ಎಲ್ಲಾರು. ಅಡುಗೆ ಬರೋಳ ಗೆಣ್ಣು ಹೀಗಿರಲ್ಲ. ನಿಂಬೆ ತುರಿಯೋಕೆ ಹೋಗಿ ಬೆರಳೇ ತುರ್ಕೊಂಡಿದ್ದಾಳೆ. ಇವಳೇ ಮಾಡಿದ್ದು, ಸಂಶಯವೇ ಇಲ್ಲ!"

ಚಪ್ಪಾಳೆಯೋ ಚಪ್ಪಾಳೆ. ಉಪ್ಪಿನ ಪುಡ್ಡಿಂಗ್ ನೆನಪಿದ್ದ ಮುದುಕರು ಊರುಗೋಲು ಕುಟ್ಟಿದರು. ಆ ಗಲಾಟೆಯ ನಡುವೆ ನೇವಾ ಜನರನ್ನು ಸರಿಸಿಕೊಂಡು ಬಂದಳು.

"ನಿನ್ನ ಮನೇಗೆ ಬಂದ ಪಾತ್ರೆಯೆಲ್ಲ ತೊಳೆದೋಳು ನಾನು, ನನ್ನನ್ನೇ ಒಂಬತ್ತು ವರ್ಷ ಕಳ್ಳಿ ಮಾಡಿದ್ಯಲ್ಲೇ, ಪಾಪಿ ಮುಂಡೇದೇ!"

"ತಪ್ಪಾಯ್ತು ಕಣೇ ನೇವಾ. ಹೇಳೋಕೆ ಧೈರ್ಯ ಬರ್ಲಿಲ್ಲ. ಏನು ಬೇಕಾದ್ರೂ ಮಾಡು."

ಏನು ಮಾಡಬೇಕೆಂದು ನೇವಾಳಿಗೆ ಗೊತ್ತಿತ್ತು. ತೊಟ್ಟಿಗೆ ಕೈ ಹಾಕಿ, ಬೊಗಸೆ ತುಂಬ ಐಸ್ ತೆಗೆದು, ವರ್ಡೆಲ್‌ಳ ಭಾನುವಾರದ ಫ್ರಾಕಿನ ಕುತ್ತಿಗೆಯೊಳಗೆ ಸುರಿದಳು. ವರ್ಡೆಲ್ ಕಿರುಚಿದ ಕಿರುಚಿಗೆ ಓಕ್ ಮರದ ಕಾಗೆಗಳೆಲ್ಲ ಎದ್ದವು. ಮೈ ಕೊಡವುತ್ತ ಕುಣಿಯುವ ಗೆಳತಿಯನ್ನು ನೋಡಿ ನೇವಾ ನಗುತ್ತ ನಗುತ್ತ ಹುಲ್ಲಿನ ಮೇಲೆ ಕೂತುಬಿಟ್ಟಳು, ಎಬ್ಬಿಸಲು ಹೋದ ವರ್ಡೆಲ್ ತಾನೂ ಕೂತಳು.

ಇಮೋಜೀನ್ ಇಬ್ಬರನ್ನೂ ಮೇಲಿನಿಂದ ನೋಡಿದಳು. "ಒಂದು ಮಾತು ಹೇಳು ವರ್ಡೆಲ್. ಪಾತ್ರೆ ಯಾಕೆ ಕೊಡ್ಲಿಲ್ಲ?"

ವರ್ಡೆಲ್ ಬೆನ್ನಿನಿಂದ ಕೊನೆಯ ಐಸ್ ತುಂಡು ಜಾರಿಸಿಕೊಂಡು ಹೇಳಿದಳು. "ಬರಿ ಪಾತ್ರೆ ಹೆಂಗೆ ಕೊಡ್ಲಿ ಮಿಸ್ ಇಮೋಜೀನ್? ಹಾಯ್ಟ್ ತೀರ್ಕೊಂಡ ವಾರ ನನ್ನ ಹೊಟ್ಟೆಗೆ ಬಿದ್ದಿದ್ದು ನಿಮ್ಮ ಕಾಬ್ಲರ್ ಒಂದೇ. ಅದಕ್ಕೆ ಸಮನಾಗಿ ಏನಾದ್ರೂ ಹಾಕಿ ಕೊಡೋಣಾಂತ ಇದ್ದೆ. ನನಗೆ ಏನೂ ಬರ್ತಿರ್ಲಿಲ್ಲ."

ಇಮೋಜೀನಳ ಮುಖದ ಬಿಗುವು ಸಡಿಲವಾಯಿತು. ಕಂಕುಳಿನ ಪಾತ್ರೆಯನ್ನು ಮುಂದಕ್ಕೆ ತಂದು ಒಳಗೆ ನೋಡಿದಳು. ಅಂಚಿಗೆ ಅಂಟಿದ್ದ ಒಂದು ಚೂರನ್ನು ಬೆರಳಿನಿಂದ ಕೆರೆದು ಬಾಯಿಗಿಟ್ಟುಕೊಂಡಳು. ಈಗ ಪಾತ್ರೆಯಲ್ಲಿ ಏನೂ ಉಳಿದಿರಲಿಲ್ಲ, ತೊಳೆದಿಟ್ಟ ಹಾಗಿತ್ತು. ಅದನ್ನು ಹುಲ್ಲಿನ ಮೇಲೆ ಕೂತ ವರ್ಡೆಲ್‌ಳ ಮಡಿಲಲ್ಲಿ ಇಟ್ಟಳು.

"ಇದು ನಿಮ್ಮದಲ್ವಾ?" ಎಂದಳು ವರ್ಡೆಲ್ ಗಾಬರಿಯಿಂದ.

"ನಂದೇ. ಆದ್ರೆ ಖಾಲಿ ಇದೆಯಲ್ಲ. ಖಾಲಿ ಪಾತ್ರೆ ನಾನು ತಗೊಳ್ಳಲ್ಲ. ಬುಧವಾರ ತುಂಬ್ಕೊಂಡು ಬಾ. ನಿಂಬೇದೇ ಇರ್ಲಿ." ಎರಡು ಹೆಜ್ಜೆ ಹೋದವಳು ತಿರುಗಿ ನಿಂತಳು. "ಒಂದು ಚಿಟಿಕೆ ಉಪ್ಪು ಹಾಕು. ಚಿಟಿಕೆ, ತಿಳೀತಾ? ಮತ್ತೆ ನೇವಾ, ಮಂಗಳವಾರ ನನ್ನ ತಲೆಗೆ ಒಂದು ಗತಿ ಕಾಣಿಸ್ತೀಯಾ?"

"ಕಷ್ಟ ಇದೆ. ಆದ್ರೂ ಬನ್ನಿ, ನೋಡೋಣ," ಎಂದಳು ನೇವಾ.

ಮನೆಗೆ ಮರಳುವಾಗ ವರ್ಡೆಲ್ ಬರಿದಾದ ಪಾತ್ರೆಯನ್ನು ಪಕ್ಕದ ಸೀಟಿನಲ್ಲಿ ಕೂರಿಸಿ, ಅದಕ್ಕೆ ಸೀಟ್ ಬೆಲ್ಟ್ ಹಾಕಿದಳು. ಎದುರಿಗೆ ಯಾರೂ ಇಲ್ಲದ ರಸ್ತೆಯಲ್ಲಿ ಸುಮ್ಮಸುಮ್ಮನೆ ಹಾರ್ನ್ ಬಾರಿಸಿದಳು. ಕ್ಲೀಟಸ್‌ನ ಅಂಗಡಿಯ ಮುಂದೆ ಗಕ್ಕನೆ ನಿಲ್ಲಿಸಿ, ಬೆನ್ನೆಲ್ಲ ಒದ್ದೆಯಾದ ಫ್ರಾಕಿನಲ್ಲೇ ಇಳಿದಳು. ಕಾರು ಕಂಡದ್ದೇ ಕ್ಲೀಟಸ್ ಎದ್ದು ಐಸ್ ಪೆಟ್ಟಿಗೆಯ ಬಾಗಿಲು ತೆಗೆದಿದ್ದ.

"ಎಷ್ಟು ಚೀಲ, ಮಿಸ್ ವರ್ಡೆಲ್?"

"ಮುಚ್ಚೋ ಅದನ್ನ," ಎಂದಳು ವರ್ಡೆಲ್. "ನಿಂಬೆಹಣ್ಣು ಎಲ್ಲಿದೆ ತೋರ್ಸು."